ಮಂಡಿನೋವಿಗೆ ಒಳ್ಳೆಯ ಬಚ್ಚಲು

ಅಜ್ಜಂಪುರ
14-6-2025, ಶನಿವಾರ ಮಧ್ಯಾಹ್ನ

ನನ್ನ ಧನ್ಯಾ,

ಹೇಗಿದ್ದೀಯ ಮಗಳೇ? ಹೊಟ್ಟೆಗೆ ಬಟ್ಟೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದೀಯ ತಾನೇ? ಹಾಲು ಸಾಕಾಗುತ್ತಿದೆಯಾ? ಕೂಸು ರಾತ್ರಿಯೆಲ್ಲ ಅಳುತ್ತದೆ ಎಂದು ನಿಮ್ಮತ್ತೆ ದೂರಿದರು. ಅಳಲಿ ಬಿಡು. ನೀನೂ ಹಾಗೇ ಅಳುತ್ತಿದ್ದೆ, ನಮ್ಮ ಟೀ ಅಂಗಡಿಗೆ ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ನಿನ್ನನ್ನು ಎತ್ತಿಕೊಂಡು ಆಡಿಸುತ್ತಿದ್ದರು; ನೀನು ಸುಮ್ಮನಾಗುವಷ್ಟರಲ್ಲಿ ಅವರು ಇನ್ನೊಂದು ಟೀ ಕುಡಿದಿರುತ್ತಿದ್ದರು. ನನಗೇನೂ ನಷ್ಟವಾಗಲಿಲ್ಲ. ಬಾಣಂತಿ ಖಾರದ ಪುಡಿ ಮುಗಿದಿದ್ದರೆ ಹೇಳು, ಪಕ್ಕದ ಮನೆ ಪ್ರಕಾಶನ ಕೈಲಿ ಕಳಿಸುತ್ತೇನೆ. ಅವನು ಈಗ ನಿಮ್ಮ ಕಡೂರಿನಲ್ಲೇ ರಾತ್ರಿ ಪಾಳಿಯ ಕೆಲಸಕ್ಕೆ ಹೋಗುತ್ತಾನೆ, ಸಂಜೆ ಬಸ್ಸಿಗೆ ಹೊರಡುತ್ತಾನೆ. ಈ ಕಾಗದವನ್ನೂ ಅವನೇ ತರುತ್ತಾನೆ. ನಿನ್ನ ಕೈಗೇ ಕೊಡು, ಬೇರೆ ಯಾರಿಗೂ ಬೇಡ ಎಂದಿದ್ದೇನೆ.

ಫೋನಿರುವಾಗ ಅಮ್ಮ ಯಾಕೆ ಕಾಗದ ಬರೆಯುತ್ತಾಳೆ ಎಂದು ನಗಬೇಡ. ಬಾಣಂತಿಯ ಕಿವಿಗೆ ಫೋನಿನ ತಣ್ಣನೆಯ ಗಾಳಿ ಹೋಗಬಾರದು ಎಂದು ನಿಮ್ಮತ್ತೆ ಫೋನನ್ನು ತಾವೇ ಹಿಡಿದು, ಸ್ಪೀಕರ್ ಹಾಕಿ, ನಾನು ಹೇಳಿದ್ದಕ್ಕೆ ನಿನಗಿಂತ ಮೊದಲು ತಾವೇ ಉತ್ತರ ಕೊಡುತ್ತಾರೆ. ಈ ಸಂಗತಿಯನ್ನು ಹಾಗೆ ಹೇಳಲಾಗುವುದಿಲ್ಲ. ಸಂಗತಿ ನಮ್ಮ ಹೊಸ ಬಚ್ಚಲುಮನೆಯದು.

ಸೀಮಂತದ ದಿನ ನಿಮ್ಮತ್ತೆ ನಮ್ಮ ಹಳೇ ಬಚ್ಚಲಿಗೆ ಇಣುಕಿ ಆಡಿದ ಮಾತು ನಿನಗೂ ಕೇಳಿಸಿತ್ತು. "ತೀರ್ಥಮ್ಮೋರೆ, ಇಲ್ಲಿ ಎಮ್ಮೆ ಮೈ ತೊಳೀಬೋದು ಕಣ್ರೀ, ಬಾಣಂತಿಗೆ ನೀರು ಹಾಕಕ್ಕಾಗಲ್ಲ." ತಗಡಿನ ಸಂದಿಯಿಂದ ಗಾಳಿ ಹೊಡೆಯುತ್ತಿತ್ತು, ಚಪ್ಪಡಿ ಅಲ್ಲಾಡುತ್ತಿತ್ತು, ಅದು ನಿಜ. ಅದಕ್ಕೇ ಹೆರಿಗೆಯಾದ ಮೇಲೆ ನಿನ್ನನ್ನು ತಮ್ಮಲ್ಲೇ ಉಳಿಸಿಕೊಂಡರು. ಚೊಚ್ಚಲ ಬಾಣಂತನ ಅತ್ತೆಮನೆಯಲ್ಲಿ! ಅಂಗಡಿಗೆ ಬಂದ ಪ್ರತಿಯೊಬ್ಬರೂ, ಮಗಳೆಲ್ಲಿ, ಕೂಸೆಲ್ಲಿ ಎಂದು ಕೇಳುವಾಗ ನನ್ನ ಬೋಂಡಾ ಎಣ್ಣೆಯಲ್ಲೇ ಕರಕಲಾಗುತ್ತಿತ್ತು. ಆವತ್ತೇ ತೀರ್ಮಾನ ಮಾಡಿದೆ. ಗಾರೆಯವನನ್ನು ಕರೆದರೆ ಅವನ ಬಾಯಿ ದೊಡ್ಡದು, ವೈರ್‌ಮನ್ನನ ಬಾಯಿ ಅದಕ್ಕಿಂತ ದೊಡ್ಡದು. ನನ್ನ ಅಂಗಡಿಯ ಒಲೆ, ಬೆಂಚು, ಬೀರು ಎಲ್ಲ ನಾನೇ ಮಾಡಿಕೊಂಡವಳು, ಬಚ್ಚಲೇನು ಮಹಾ! ಈಗ ಮೊಬೈಲ್ ವಿಡಿಯೋದಲ್ಲಿ ಯಾರು ಬೇಕಾದರೂ ಮನೆ ಕಟ್ಟುವುದನ್ನು ಹೇಳಿಕೊಡುತ್ತಾರೆ. ತರೀಕೆರೆಯಲ್ಲಿ ಒಂದು ಹಳೇ ಲಾಡ್ಜ್ ಕೆಡವುತ್ತಿದ್ದರು. ಅಲ್ಲಿಂದ ಟೈಲ್ಸ್, ಒಂದು ಬಾಗಿಲು, ಒಂದು ಗೀಸರ್ ತಂದೆ. ಟೈಲ್ಸ್ ಮೂರು ಬಣ್ಣದವು, ಅರ್ಧ ಒಡೆದವು. ಒಡಕನ್ನೆಲ್ಲ ಜೋಡಿಸಿ ನೆಲಕ್ಕೆ ರಂಗೋಲಿಯ ಹಾಗೆ ಕೂರಿಸಿದ್ದೇನೆ ಕಣೇ, ನೋಡಿದವರು ಇದನ್ನು ಬೆಂಗಳೂರಿನಿಂದ ತರಿಸಿದಿರಾ ಎನ್ನುತ್ತಾರೆ. ಗೋಡೆಯ ಸಂದಿಗಳಿಗೆಲ್ಲ ಸಿಮೆಂಟು ಮೆತ್ತಿದೆ. ಒಂದು ಎಳೆ ಗಾಳಿಯೂ ನುಗ್ಗುವುದಿಲ್ಲ. ಇಷ್ಟರವರೆಗೆ ನನ್ನ ಕೆಲಸದಲ್ಲಿ ಯಾರೂ ಬೆರಳಿಟ್ಟು ತೋರಿಸುವಂತಿಲ್ಲ.

ವೈರಿಂಗ್ ಅನ್ನೂ ನಾನೇ ಮಾಡಿದೆ. ನಿಮ್ಮಪ್ಪ ಟಾರ್ಚ್ ಹಿಡಿದಿದ್ದರು. "ಲೇ, ಇದೊಂದಕ್ಕೆ ಗೊತ್ತಿರೋರನ್ನ ಕರೆಯೇ," ಎಂದರು. "ಅವನಿಗೇನು ನಾಕು ಕೈ ಇದಾವಾ?" ಎಂದೆ. ಶಾಮಿಯಾನದವನ ಹತ್ತಿರ ಸೀರಿಯಲ್ ಸೆಟ್ಟಿನ ಹಳೇ ವೈರು ತುಂಡುತುಂಡು ಬಿದ್ದಿತ್ತು. ತಂದು, ಗಂಟುಹಾಕಿ, ಟೇಪು ಸುತ್ತಿ, ಗೋಡೆಯಲ್ಲಿ ಗೀರು ಕೊರೆದು ಒಳಗಿಟ್ಟು ಮೇಲೆ ಗಾರೆ ಬಳಿದೆ. ಪೈಪಿನೊಳಗೆ ಎಳೆಯಬೇಕಂತೆ, ಗೋಡೆಯೊಳಗೆ ಇರುವುದಕ್ಕೆ ಇನ್ನೊಂದು ಹೊದಿಕೆ ಯಾಕೆ ಎಂದುಕೊಂಡೆ. ಗೀಸರಿಗೆ ಮೂರು ತಂತಿ ಬೇಕು ಎಂದು ವಿಡಿಯೋದವನು ಹೇಳಿದ್ದ. ಎರಡು ತಂತಿಗೇ ನೀರು ಕಾಯಿತು. ಎರಡರಲ್ಲಿ ಆಗುವುದಕ್ಕೆ ಮೂರು ಹಾಕುವವಳಲ್ಲ ನಿಮ್ಮಮ್ಮ, ನಿನಗೇ ಗೊತ್ತು. ಆ ಮೂರನೆಯ ಅರ್ತಿಂಗ್ ತಂತಿ ಇರುವುದು ಕಾಸಿಗೆ ಕಾಸು ಉಳಿಸುವವರ ಜೀವ ಉಳಿಸಲಿಕ್ಕೆ ಎಂದು ಆಗ ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಕೂಸುಗಳಿಗೆ ನೀರು ಹಾಕುವ ನಮ್ಮ ದುರ್ಗಜ್ಜಿಯನ್ನು ಹೋದ ವಾರ ಕರೆದು, ಕೂತು ನೋಡಜ್ಜಿ, ಜಾಗ ಸಾಲುತ್ತಾ ಎಂದೆ. ನೀರು ಹೊಯ್ದ ನೆಲದ ಮೇಲೆ ಕಾಲು ಚಾಚಿ, ಅಂಗಾಲನ್ನು ಗೋಡೆಗೆ ಒತ್ತಿ ಕೂತಳು. ಕೂಸನ್ನು ಅವಳು ಮಲಗಿಸಿಕೊಳ್ಳುವುದು ಹಾಗೆ, ಎರಡು ಮೊಣಕಾಲಿನ ನಡುವೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದು, "ಆಹಾ, ಕಾಲಲ್ಲಿ ಇರುವೆ ಹರಿದಂಗಾಯ್ತದೆ ಕಣವ್ವ! ಈ ಮಂಡಿ ನೋವು ಹಿಂಡಿ ತೆಗೆದಂಗಾಯ್ತದೆ. ಏನು ಹಾಕಿದೀಯವ್ವ ಈ ಗೋಡೆಗೆ?" ಎಂದಳು. ನಾನು ನಕ್ಕುಬಿಟ್ಟೆ. ಅವಳು ಹೋದ ಮೇಲೆ ಚಪ್ಪಲಿ ಬಿಚ್ಚಿ ಒದ್ದೆ ನೆಲದ ಮೇಲೆ ಕಾಲಿಟ್ಟು ಗೋಡೆ ಮುಟ್ಟಿದೆ. ಜುಮ್ ಎಂದಿತು. ಕೆಲಸ ಮಾಡಿದಷ್ಟು ದಿನವೂ ರಬ್ಬರ್ ಚಪ್ಪಲಿಯಲ್ಲಿದ್ದವಳಿಗೆ ಅದು ಗೊತ್ತೇ ಆಗಿರಲಿಲ್ಲ. ಗೀಸರ್ ಸ್ವಿಚ್ ಆರಿಸಿ ಮುಟ್ಟಿದೆ, ಆಗಲೂ ಜುಮ್ ಎಂದಿತು. ಅಂಗಡಿಯ ಬೋರ್ಡಿನಲ್ಲಿ ಫ್ಯೂಸ್ ಕಿತ್ತು ಮುಟ್ಟಿದೆ, ಆಗ ಸುಮ್ಮನಾಯಿತು. ಧನ್ಯಾ, ಕುಡಿದು ಬಂದು ಗಲ್ಲಾಪೆಟ್ಟಿಗೆಗೆ ಕೈ ಹಾಕಿದವರನ್ನು ಸೌಟಿನಲ್ಲಿ ಬಾರಿಸಿ ಓಡಿಸಿದವಳು ನಾನು. ಆವತ್ತು ಆ ಬಚ್ಚಲಿನಿಂದ ಹಿಂದೆ ಹಿಂದೆ ನಡೆದುಕೊಂಡು ಹೊರಗೆ ಬಂದೆ. ಗೋಡೆಗೆ ಬೆನ್ನು ಕೊಡಲು ಧೈರ್ಯ ಬರಲಿಲ್ಲ.

ಊರಿನ ವೈರ್‌ಮನ್ನನನ್ನು ಕರೆದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ತರೀಕೆರೆಯ ತಿಪ್ಪೇಶನನ್ನು ಕರೆಸಿದೆ. ಅವನ ಟೆಸ್ಟರ್ ಕಡ್ಡಿ ಗೋಡೆಯ ಮೇಲೆ, ನಲ್ಲಿಯ ಮೇಲೆ, ನೀನು ಹಿಡಿದುಕೊಂಡು ಏಳಲಿ ಎಂದು ನಾನು ಬಡಿದ ಕಬ್ಬಿಣದ ಹಿಡಿಯ ಮೇಲೆ, ಎಲ್ಲೆಲ್ಲಿಟ್ಟರೂ ಹತ್ತಿಕೊಳ್ಳುತ್ತಿತ್ತು. "ಅಕ್ಕಾ, ಇದು ಬಚ್ಚಲಲ್ಲ, ಕರೆಂಟ್ ಕಂಬ," ಎಂದ. ಯಾವ ಗಂಟಿನಿಂದ ಇಳಿಯುತ್ತಿದೆಯೋ ಗೋಡೆ ಒಡೆಯದೆ ಹೇಳಲಾಗದಂತೆ. ಅಂಗಡಿಯ ಲೈನನ್ನೂ ಮನೆಯ ಲೈನನ್ನೂ ಇದರಲ್ಲೇ ಎಲ್ಲೋ ಸೇರಿಸಿದ್ದೇನೆ, ಎಲ್ಲಿ ಎಂದು ನನಗೇ ನೆನಪಿಲ್ಲ. "ಇವತ್ತು ಜುಮ್ ಅಂತೈತೆ. ಮಳೆ ಹಿಡಿದು ಗೋಡೆ ನೆಂದ್ರೆ ಜುಮ್ ಅನ್ನಲ್ಲಕ್ಕ, ಹಿಡ್ಕೊಂಬಿಡ್ತೈತೆ. ಕೂಸಿಗೆ ಅಷ್ಟೂ ಬೇಕಾಗಿಲ್ಲ." ಇದನ್ನು ಅವನು ಟೆಸ್ಟರ್ ಜೇಬಿಗಿಟ್ಟುಕೊಳ್ಳುತ್ತ ಹೇಳಿದ. ಕೆಮ್ಮಣ್ಣುಗುಂಡಿ ಕಡೆ ಯಾವುದೋ ಹೋಂಸ್ಟೇ ಕೆಲಸ ಹಿಡಿದಿದ್ದಾನಂತೆ, ಅದು ಮುಗಿಸಿ ಬಂದು ಒಡೆಯುತ್ತಾನಂತೆ. ಅವನು ಹೋದ ದಿನವೇ ಮಳೆ ಶುರುವಾಯಿತು.

ಫ್ಯೂಸ್ ಕಿತ್ತಿಟ್ಟರೆ ಆಯಿತಲ್ಲ ಎಂದು ನೀನು ಕೇಳುತ್ತೀಯ. ಕಿತ್ತಿಟ್ಟಿದ್ದೆ. ಬುಧವಾರ ನಾನು ಸಂತೆಗೆ ಹೋಗಿದ್ದಾಗ ನಿಮ್ಮಪ್ಪ ಚಟ್ನಿಗೆ ಮಿಕ್ಸಿ ಹಾಕಬೇಕೆಂದು ಮತ್ತೆ ಸಿಕ್ಕಿಸಿದರು. ನಾನು ಬಂದು ಈರುಳ್ಳಿ ಚೀಲ ಇಳಿಸುತ್ತಿದ್ದೇನೆ, ಬಚ್ಚಲಿನಿಂದ ಕೂಸಿನ ಅಳು ಕೇಳಿಸಿತು. ನಮ್ಮ ಮನೆಯಲ್ಲಿ ಕೂಸೆಲ್ಲಿದೆ? ಓಡಿದೆ. ದುರ್ಗಜ್ಜಿ ಕಾಲು ಚಾಚಿ ಕೂತಿದ್ದಾಳೆ, ಎದುರುಮನೆ ಸಂಗೀತಾಳ ಕೂಸು ಅವಳ ಕಾಲ ಮೇಲೆ ಬರಿಮೈಯಲ್ಲಿದೆ, ಸಂಗೀತಾ ತಂಬಿಗೆ ಎತ್ತಿದ್ದಾಳೆ. ಒಳ್ಳೇ ಗೋಡೆ, ಕೂಸಿನ ಕಾಲಿಗೆ ಬಲ ಬರುತ್ತೆ ಎಂದು ಅಜ್ಜಿಯೇ ಕರೆತಂದಿದ್ದಳಂತೆ. ನಾನು ಕೂಗಿದ ಕೂಗಿಗೆ ತಂಬಿಗೆ ಬಿದ್ದುಹೋಯಿತು. ಬೋರ್ಡಿನ ಹತ್ತಿರ ಓಡಿ ಫ್ಯೂಸ್ ಕಿತ್ತೆ. ತಿರುಗಿ ಬಂದು ಕೂಸನ್ನು ಎತ್ತಿ ಅದರ ಎದೆಗೆ ಕಿವಿ ಇಟ್ಟೆ. ಏನೂ ಆಗಿರಲಿಲ್ಲ. ಅಳುತ್ತಿತ್ತು. ಅಳು ನಿಲ್ಲಿಸದಿದ್ದರೆ ಸಾಕು ಎಂದುಕೊಂಡು ನಿಂತೆ.

ಆಗಲಾದರೂ ನಿಜ ಹೇಳಬೇಕಿತ್ತು. ನನ್ನ ಬಾಯಲ್ಲಿ ಬಂದದ್ದು, ಸಿಮೆಂಟು ಇನ್ನೂ ಹಸಿ ಇದೆ, ಕೂಸಿಗೆ ನೆಗಡಿಯಾಗುತ್ತೆ ಎಂಬ ಮಾತು. ಸಂಗೀತಾ ಕೂಸನ್ನು ಕಿತ್ತುಕೊಂಡು, "ನಿಮ್ಮ ಮೊಮ್ಮಗೂಗೆ ಮಾತ್ರ ಮಾಡ್ಸಿದೀರೇನೋ ತೀರ್ಥಕ್ಕ. ಹೇಳಿದ್ರೆ ನಾವೇ ಬತ್ತಿರಲಿಲ್ಲ," ಎಂದು ಹೋದಳು. ಆಮೇಲೆ ನಾನು ಬಚ್ಚಲಿಗೆ ಬೀಗ ಜಡಿದೆ. ಅದೇ ತಪ್ಪಾಯಿತು. ಬೀಗ ಹಾಕಿದ ಮೇಲೆ ಬಚ್ಚಲಿನ ಬೆಲೆ ಇನ್ನೂ ಏರಿತು. ಮಂಡಿನೋವಿನ ಹೆಂಗಸರು ಟೀ ಕುಡಿಯುವ ನೆಪದಲ್ಲಿ ಬಂದು ಕೂರುತ್ತಾರೆ, ಕಾಲು ಒತ್ತಿಕೊಳ್ಳುತ್ತಾರೆ, ನನ್ನ ಮುಖ ನೋಡುತ್ತಾರೆ. ಒಬ್ಬಳಿಗೆ ಸಿಮೆಂಟು, ಒಬ್ಬಳಿಗೆ ಬೀಗದಕೈ ಕಳೆದುಹೋಗಿದೆ, ಮತ್ತೊಬ್ಬಳಿಗೆ ಮನೆದೇವರ ಹರಕೆ ಎಂದಿದ್ದೇನೆ. ಯಾರಿಗೆ ಏನು ಹೇಳಿದೆ ಎಂಬ ಲೆಕ್ಕವೇ ತಪ್ಪಿಹೋಗಿದೆ. ನನಗೆ ಎಂದೂ ಹೀಗಾಗಿರಲಿಲ್ಲ.

ಈಗ ಕೇಳು. ಹೊಸ ಬಚ್ಚಲಾಯಿತಲ್ಲ, ಆಷಾಢ ಹತ್ತುವ ಮೊದಲು, ಬರುವ ಗುರುವಾರ ನಿನ್ನನ್ನು, ಕೂಸನ್ನು ಕರೆತಂದು ಬಿಡುತ್ತೇವೆ ಎಂದು ನಿಮ್ಮತ್ತೆ ಗೊತ್ತುಮಾಡಿದ್ದಾರೆ. ನೀನು ಬಂದರೆ ನಿನ್ನ ಕೋಣೆಗೆ ಫ್ಯಾನು ಬೇಕು, ಯಾರಾದರೂ ಫ್ಯೂಸ್ ಹಾಕುತ್ತಾರೆ. ನೀರು ಹಾಕಲು ದುರ್ಗಜ್ಜಿ ಬಂದು ಬೀಗ ತೆಗಿ ಎನ್ನುತ್ತಾಳೆ. ಬೀಗರ ಮುಂದೆ ನಾನು ಏನೆಂದು ಇಲ್ಲ ಎನ್ನಲಿ? ಅದಕ್ಕೆ ನೀನೇ ಒಂದು ಉಪಾಯ ಮಾಡು. ಕೂಸಿಗೆ ಶೀತವಾಗಿದೆ, ಡಾಕ್ಟರು ಪ್ರಯಾಣ ಬೇಡ ಎಂದರು ಎನ್ನು. ಆಷಾಢ ಕಳೆಯುವಷ್ಟರಲ್ಲಿ ತಿಪ್ಪೇಶ ಬಂದು ಗೋಡೆ ಒಡೆದು ಸರಿಮಾಡುತ್ತಾನೆ, ನಮ್ಮ ಮರ್ಯಾದೆಯೂ ಉಳಿಯುತ್ತದೆ. ಕಿವಿಗೆ ಹತ್ತಿ ಇಟ್ಟುಕೋ. ತಣ್ಣೀರು ಮುಟ್ಟಬೇಡ. ಅಳಿಯಂದಿರಿಗೂ ನಿಮ್ಮ ಮಾವನವರಿಗೂ ನನ್ನ ನಮಸ್ಕಾರ ತಿಳಿಸು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು. ದೇವರು ನಿಮ್ಮಿಬ್ಬರ ಮೈಯನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಮ್ಮ,
ತೀರ್ಥಮ್ಮ

ಕಾಗದ ಮಡಚುವ ಮೊದಲು, ಅವಸರದಲ್ಲಿ:

ಸಹಿ ಹಾಕಿ ಪೆನ್ನು ಕೆಳಗಿಟ್ಟಿದ್ದೆ, ನಿಮ್ಮತ್ತೆಯ ಫೋನು ಬಂತು. ಗುರುವಾರದವರೆಗೆ ಕಾಯುವುದಿಲ್ಲವಂತೆ. ನಮ್ಮ ಬಚ್ಚಲಿನ ಗೋಡೆ ಮಂಡಿನೋವು ಕಳೆಯುತ್ತದೆ ಎಂಬ ಸುದ್ದಿ ಕಡೂರಿಗೂ ಮುಟ್ಟಿದೆ. ಅವರ ಮಂಡಿ ಈ ಮಳೆಗೆ ಹಿಡಿದುಕೊಂಡಿದೆಯಂತೆ. ನಾಳೆ ಬೆಳಿಗ್ಗೆಯೇ ಕಾರು ಮಾಡಿಕೊಂಡು ನಿನ್ನನ್ನೂ ಕೂಸನ್ನೂ ಕರೆತರುತ್ತಾರಂತೆ, ಮೊದಲ ನೀರಿಗೆ ಅವರೇ ಕಾಲು ಚಾಚಿ ಕೂರುತ್ತಾರಂತೆ. ಸಿಮೆಂಟು ಹಸಿ ಎಂದೆ. "ಚಾಪೆ ಹಾಸ್ಕೊಂಡು ಕೂರ್ತೀನಿ ಬಿಡ್ರೀ," ಎಂದರು. ಆಗ ಹೇಳಿದೆ ಧನ್ಯಾ, ಎಲ್ಲವನ್ನೂ ಹೇಳಿದೆ. ಬೀಗಿತ್ತಿ, ನನ್ನ ಬಚ್ಚಲಲ್ಲಿ ಕರೆಂಟು ಹರಿಯುತ್ತಿದೆ, ನಾನೇ ಹಾಕಿದ್ದು, ಕೂಸು ಸತ್ತುಹೋಗುತ್ತೆ ಎಂದೆ. ಅವರು ನಕ್ಕರು. "ಒಬ್ಬೊಬ್ರಿಗೆ ಒಂದೊಂದು ಕಾರಣ ಹೇಳ್ತೀರಂತೆ, ನಮಗಿದಾ ತೀರ್ಥಮ್ಮೋರೆ? ಬಿಡ್ತು ಅನ್ನಿ," ಎಂದು ಫೋನಿಟ್ಟರು. ಮತ್ತೆ ಮಾಡಿದರೆ ಎತ್ತುತ್ತಿಲ್ಲ.

ಕಿತ್ತಿಟ್ಟ ಫ್ಯೂಸನ್ನು ನಿಮ್ಮಪ್ಪನ ಕೈಗೆ ಕೊಟ್ಟಿದ್ದೇನೆ, ಅದನ್ನು ಮುಷ್ಟಿಯಲ್ಲಿ ಹಿಡಿದು ಬೋರ್ಡಿನ ಮುಂದೆ ನಿಂತಿದ್ದಾರೆ. ನಾನು ಸುತ್ತಿಗೆ ತಗೊಂಡು ಹೋಗುತ್ತಿದ್ದೇನೆ. ತಿಪ್ಪೇಶನಿಗೆ ಕಾಯುವುದಿಲ್ಲ. ಬೆಳಗಾಗುವಷ್ಟರಲ್ಲಿ ಅಲ್ಲಿ ಕೂರುವುದಕ್ಕೆ ನೆಲವೂ ಇರಬಾರದು, ಒರಗುವುದಕ್ಕೆ ಗೋಡೆಯೂ ಇರಬಾರದು. ಡಾಕ್ಟರು, ಶೀತ ಎಂದೆಲ್ಲ ಮೇಲೆ ಬರೆದದ್ದನ್ನು ಬಿಟ್ಟುಬಿಡು, ಸುಳ್ಳು ಹೇಳಬೇಡ, ಈ ಕಾಗದವನ್ನೇ ನಿನ್ನ ಗಂಡನ ಕೈಗೆ ಕೊಡು. ಇದು ಮುಗಿದ ಮೇಲೆ ನಾನೇ ಕಡೂರಿಗೆ ಬರುತ್ತೇನೆ, ನಿಮ್ಮತ್ತೆಯ ಬಚ್ಚಲಲ್ಲೇ ನಿನಗೂ ಕೂಸಿಗೂ ನೀರು ಹಾಕುತ್ತೇನೆ, ಅವರು ಏನಂದರೂ ಅನ್ನಿಸಿಕೊಳ್ಳುತ್ತೇನೆ. ಪ್ರಕಾಶ ಹೊರಗೆ ಕೂಗುತ್ತಿದ್ದಾನೆ, ಬಸ್ಸು ಬಂತಂತೆ. ಯಾರು ಎಷ್ಟು ಹೇಳಿದರೂ ನಾಳೆ ನೀನು ಕಾರು ಹತ್ತಬೇಡ.