ಪಾಳು ಬಾವಿಯಲ್ಲಿ ಅಪ್ಪನ ಜಾಗಟೆ

ಮಾರ್ಚ್ 9, ರಾತ್ರಿ

ಬೆಳಿಗ್ಗೆ ಎಂದಿನಂತೆ ಡೈರಿಗೆ ಹಾಲು ಹಾಕಿ ಬಂದೆ. ಮಧ್ಯಾಹ್ನ ಮನೆ ಭಾಗ. ಹೊಲ, ಹಸು, ಪಾತ್ರೆ — ಯಾವುದಕ್ಕೂ ತಕರಾರಿಲ್ಲ. ಕೊನೆಗೆ ಉಳಿದದ್ದು ಅಪ್ಪನ ಜಾಗಟೆ.

"ದೇವರ ಸಾಮಾನು ಹಿರೀಮಗನಿಗೆ ಕಣ್ಲಾ ಅನಿಲಾ," ಎಂದ ಅಣ್ಣ.

"ಹಂಗಾದ್ರೆ ಯಾರಿಗೂ ಬ್ಯಾಡ."

ಎತ್ತಿಕೊಂಡು ಹೋಗಿ ಹೊಲದಾಚೆಯ ಪಾಳು ಬಾವಿಗೆ ಎಸೆದುಬಿಟ್ಟೆ. ನೀರು ಬತ್ತಿ, ಊರಿನ ಕಸವೆಲ್ಲ ಬೀಳುವ ಬಾವಿ. "ಜಡಿಗೇನಹಳ್ಳಿಗೆ ಹೆಂಡ್ತಿ ಹತ್ರ ಹೋಗ್ತೀನಿ, ಇನ್ ಬರಲ್ಲ," ಎಂದೂ ಅಂದೆ. ಅತ್ತಿಗೆ ಅಳುತ್ತಿದ್ದರು.

ಹೋಗಲಿಲ್ಲ. ಪಂಪ್‌ಮನೆಯಲ್ಲಿ ಮಲಗಿದ್ದೇನೆ. ನಿದ್ದೆ ಇಲ್ಲ. ಬೆಳಕಾಗುತ್ತಲೇ ಇಳಿದು ತೆಗೆಯಬೇಕು.

ಮಾರ್ಚ್ 10

ಬಾವಿಯೊಳಗಿದ್ದೇನೆ. ಇಳಿಯುವಾಗ ಮೆಟ್ಟಿಲುಗಲ್ಲು ಕಳಚಿತು. ಬಲಗಾಲು ಮುರಿದಿದೆ. ಫೋನ್ ಚೂರು. ಜೇಬಿನಲ್ಲಿದ್ದ ಈ ಪುಟ್ಟ ಪುಸ್ತಕ, ಪೆನ್ನು ಉಳಿದವು.

ಕಸ ಕೆದಕಿದೆ. ಪಿವಿಸಿ ಪೈಪಿನ ತುಂಡುಗಳನ್ನು ಎರಡು ಬದಿ ಇಟ್ಟು ಹಳೆ ಸೀರೆಯಿಂದ ಕಾಲು ಬಿಗಿದೆ. ಜಾಗಟೆ ಕಾಣಲಿಲ್ಲ. ಕೂಗಿ ಕೂಗಿ ಗಂಟಲು ಹೋಯಿತು. ಮೇಲೆ ಬರೀ ವಿಮಾನದ ಸದ್ದು.

ಯಾರೂ ಹುಡುಕುವುದಿಲ್ಲ. ನಾನು ಜಡಿಗೇನಹಳ್ಳಿಯಲ್ಲಿದ್ದೇನೆಂದು ಅಣ್ಣ ತಿಳಿದಿರುತ್ತಾನೆ, ಊರಲ್ಲಿದ್ದೇನೆಂದು ತವರಲ್ಲಿರುವ ಹೆಂಡತಿ ಚಂದನ. ಫೋನ್ ಆಫ್ ಬಂದರೂ ಅವಳಿಗೆ ಅನುಮಾನ ಬರದು — ಕೋಪ ಬಂದಾಗ ಆಫ್ ಮಾಡುವುದು ನನ್ನ ಚಾಳಿ.

ಮಾರ್ಚ್ 11

ಗೋಡೆಯಲ್ಲಿ ಬೆಳೆದ ಅರಳಿ ಕೊಂಬೆಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದೆ. ಬಿಸಿಲಿಗೆ ಎಲೆ ಬೆವತು ಒಳಗೆ ನೀರು ನಿಂತಿತ್ತು. ಎರಡು ಗುಟುಕು. ಎಂದೋ ಮೊಬೈಲಿನಲ್ಲಿ ನೋಡಿ ನಕ್ಕಿದ್ದ ವಿದ್ಯೆ. ಸಿಕ್ಕ ಕವರನ್ನೆಲ್ಲ ಕಟ್ಟಿದೆ. ರಾತ್ರಿಗೆ ಸಿಮೆಂಟ್ ಚೀಲವೇ ಹೊದಿಕೆ.

ಒಂದು ಬದಿಯಲ್ಲಿ ಟೊಮೇಟೊ ಗಿಡ ಎದ್ದಿದೆ, ಗೋಲಿಯಷ್ಟು ಹಣ್ಣು. ಅತ್ತಿಗೆ ಕೊಳೆತ ಟೊಮೇಟೊ ಇಲ್ಲಿ ಸುರಿದಾಗ ರೇಗಿದ್ದೆ. ಇವತ್ತು ಅದನ್ನೇ ತಿಂದೆ. ನಾಚಿಕೆಯಾಯಿತು.

ಮಾರ್ಚ್ 13

ನಿನ್ನೆ ಜ್ವರ. ಬರೆಯಲಾಗಲಿಲ್ಲ.

ಇನ್ನೊಂದು ಕವರಿಗೆಂದು ಕೆದಕುವಾಗ ಕೈಗೆ ಕಂಚು ತಗುಲಿತು. ಜಾಗಟೆ. ಅಂಚಿನಲ್ಲಿ ಬಿರುಕು... ನನ್ನ ಕೈಕೆಲಸ. ಅಪ್ಪ ಇದನ್ನು ಪಂಚೆಯ ತುದಿಯಿಂದ ಒರೆಸಿ ಒರೆಸಿ ಇಡುತ್ತಿದ್ದರು. ಅಣ್ಣನ ಕೈಗೆ ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಶ್ರಾವಣ ಶನಿವಾರ ಬಾರಿಸಲು ಕೇಳಿದರೆ ಅವನು ಯಾವತ್ತು ಇಲ್ಲ ಅಂದಿದ್ದಾನೆ?

ಅದೇ ದಿನ, ಸಂಜೆ

ಕಲ್ಲಿನಿಂದ ಬಾರಿಸುತ್ತಿದ್ದೇನೆ. ದನಿ ಒಡೆದಿದೆ. ಆದರೂ ಅಪ್ಪ ಕಲಿಸಿದ ಹಾಗೆಯೇ — ಎರಡು ಪೆಟ್ಟು, ತಡೆದು ಮೂರು. ಊರಲ್ಲಿ ಹಾಗೆ ಬಾರಿಸಲು ಬರುವುದು ಅಣ್ಣನಿಗೂ ನನಗೂ ಮಾತ್ರ.

ತೋಳು ಸೋತು ನಿಲ್ಲಿಸಿದೆ. ಎಲ್ಲೋ ನಾಯಿ ಬೊಗಳಿತು. ಆಮೇಲೆ, ದೂರದಿಂದ —

"ಅನಿಲಾ... ನೀನೇನ್ಲಾ ಬಾರಿಸ್ತಿರೋದು? ಎಲ್ಲಿದ್ದೀಯಾ?"

ಅಣ್ಣ. ಹೊಲದಲ್ಲೆಲ್ಲೋ ಹುಡುಕುತ್ತಿದ್ದಾನೆ. ಓಗೊಡಲು ಗಂಟಲಿಲ್ಲ. ನಿಲ್ಲಿಸದೆ ಬಾರಿಸಬೇಕು, ಬರೆಯುವುದು ಆಮೇಲೆ.