ಒಣಮೀನಿನ ಗುರುದಕ್ಷಿಣೆ

೧೦ ಜನವರಿ ೧೯೯೬, ಬುಧವಾರ

ಗಣಿತ — ತೊಂಬತ್ತೆಂಟು. ಎಂದಿನಂತೆ ತರಗತಿಗೆ ಮೊದಲು. ಸಕೀನಾಗೆ ಹತ್ತೊಂಬತ್ತು. ಮರುಪರೀಕ್ಷೆಯಲ್ಲಿ ಮೂವತ್ತಮೂರು ಬಾರದಿದ್ದರೆ ಅವಳಿಗೆ ಬೋರ್ಡ್ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ. ಗಲ್ಫಿನ ಭಾರತೀಯ ಶಾಲೆಗಳ ನಡುವೆ ನಮ್ಮ ಶಾಲೆಯ ಫಲಿತಾಂಶ ಕೆಡಬಾರದಂತೆ. ನಾನು ಕಲಿಸುತ್ತೇನೆ ಎಂದೆ. ಗಣಿತದ ರೊನಾಲ್ಡ್ ಸರ್ ನಕ್ಕರು.

“ನಿನ್ನ ರ‍್ಯಾಂಕ್ ನೋಡಿಕೋ ಮಾರಾಯ್ತಿ. ಬೋರ್ಗಲ್ಲಿನ ಮೇಲೆ ನೀರು ಹೊಯ್ದು ಏನು ಮಾಡ್ತಿ?”

ಚಿಗುರಿಸಿ ತೋರಿಸುತ್ತೇನೆ.

೧೨ ಜನವರಿ, ಶುಕ್ರವಾರ

ಸಕೀನಾ ಬಂದಳು. ಕೈಯಲ್ಲಿದ್ದ ಪೊಟ್ಟಣವನ್ನು ದೇವರ ಪಟದ ಕೆಳಗಿನ ಮೇಜಿನ ಮೇಲಿಟ್ಟಳು. “ಉಮ್ಮ ಕೊಟ್ಟದ್ದು. ಬರಿಗೈಯಲ್ಲಿ ಪಾಠಕ್ಕೆ ಹೋಗಬಾರದಂತೆ.”

ಅಮ್ಮ ಬಿಚ್ಚಿದಳು. ಒಣ ಬಂಗುಡೆ. ಮೊಟ್ಟೆಯೂ ಹೊಸಿಲು ದಾಟದ ಮನೆ ನಮ್ಮದು.

“ಅಯ್ಯೋ, ದೇವರ ಎದುರಿಗೇ ಇಟ್ಟಳಲ್ಲೇ!”

ಎ.ಸಿ. ನಿಲ್ಲಿಸಿ ಕಿಟಕಿಗಳನ್ನೆಲ್ಲ ತೆರೆದಳು. ಸಕೀನಾ ಪುಸ್ತಕ ತೆರೆಯದೆಯೇ ಹೊರಟುಹೋದಳು.

೧೩ ಜನವರಿ

ಅಸೆಂಬ್ಲಿ ಭಾಷಣಕ್ಕೆ ಕನ್‌ಫ್ಯೂಷಿಯಸ್‌ನನ್ನು ಆರಿಸಿಕೊಂಡಿದ್ದೇನೆ. ಹಸುಳೆಯಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವನು. ಪದವಿ ಅರಸಿ ರಾಜ್ಯದಿಂದ ರಾಜ್ಯಕ್ಕೆ ಹದಿನಾಲ್ಕು ವರ್ಷ ಅಲೆದವನು. ಉಳಿದದ್ದು ಶಿಷ್ಯರು ಮಾತ್ರ. ಒಣಮಾಂಸದ ಒಂದು ಕಟ್ಟು ತಂದವನನ್ನೂ ಹಿಂದೆ ಕಳಿಸಲಿಲ್ಲವಂತೆ... ಅಮ್ಮನಿಗೆ ಓದಿ ಹೇಳಿದೆ.

“ಚೀನಾದೋರು ಕಣೇ. ಏನು ಬೇಕಾದ್ರೂ ತಿಂತಾರೆ.”

“ತಿನ್ನೋ ಮಾತಲ್ಲಮ್ಮ, ತಗೊಳ್ಳೋ ಮಾತು.”

“ನಾಲಿಗೆ ಉದ್ದ ಆಯ್ತು ನಿಂಗೆ.”

ಪೊಟ್ಟಣ ಬಾಲ್ಕನಿಯಲ್ಲಿದೆ. ಎಸೆಯಲು ಬಿಟ್ಟಿಲ್ಲ. ನನ್ನ ಮೊದಲ ಗುರುದಕ್ಷಿಣೆ ಅದು.

೨೬ ಜನವರಿ

ರಂಜಾನ್, ಶಾಲೆ ಬೇಗ ಬಿಡುತ್ತದೆ. ಮಧ್ಯಾಹ್ನಗಳು ಅಲ್ ಮನ್ಸೂರಾ ಬಡಾವಣೆಯಲ್ಲಿ, ಸಕೀನಾಳ ಮನೆಯಲ್ಲಿ. ಅಮ್ಮನಿಗೆ ಹೇಳಿಯೇ ಹೋಗುತ್ತೇನೆ, ಅವಳು ಮಿಕ್ಸಿ ತಿರುಗಿಸುತ್ತಾಳೆ. ಒಂದೇ ಲೆಕ್ಕವನ್ನು ಮೂರು ಸಲ ವಿವರಿಸಿ ಇಂದು ರೇಗಿದೆ.

ಸಕೀನಾ ಪೆನ್ಸಿಲ್ ಕೆಳಗಿಟ್ಟಳು. “ನೀನು ನಿನಗೇ ಹೇಳಿಕೊಳ್ತಾ ಇದ್ದಿ. ನನಗೆ ಹೇಳು.”

ಕನ್‌ಫ್ಯೂಷಿಯಸ್ ಒಂದೇ ಪ್ರಶ್ನೆಗೆ ಇಬ್ಬರು ಶಿಷ್ಯರಿಗೆ ಅವರವರ ಸ್ವಭಾವ ನೋಡಿ ಎರಡು ಉತ್ತರ ಕೊಟ್ಟನಂತೆ. ಓದಿದ್ದೆ. ಅರ್ಥವಾಗಿರಲಿಲ್ಲ.

೧೦ ಫೆಬ್ರವರಿ, ಶನಿವಾರ

ಮರುಪರೀಕ್ಷೆಯಲ್ಲಿ ಸಕೀನಾಗೆ ನಲವತ್ತೊಂದು!

“ಅದೃಷ್ಟ,” ಎಂದರು ಸರ್. “ಬೋರ್ಡಿನಲ್ಲಿ ಫೇಲ್ ಆಗ್ತಾಳೆ. ನಾಳೆ ನಿನ್ನ ಭಾಷಣದ ಅಸೆಂಬ್ಲಿ ಮುಗಿದ ಮೇಲೆ ಹಾಲ್ ಟಿಕೆಟ್ ಹಂಚುವುದು. ಅವಳದ್ದು ಡ್ರಾಯರಿನಲ್ಲೇ ಇರ್ತದೆ. ಖಲಾಸ್.”

“ಮೂವತ್ತಮೂರು ಎಂದವರು ನೀವೇ ಸರ್. ನಿಮ್ಮ ಎದುರಿಗೇ ಕೂತು ಬರೆದದ್ದು.”

“ಗುರುವಿಗೆ ಎದುರಾಡಲಿಕ್ಕೆ ಕಲಿಸಿದ್ದಾ ನಿನ್ನ ಕನ್‌ಫ್ಯೂಷಿಯಸ್?”

“ಹೌದು ಸರ್. ನ್ಯಾಯದ ವಿಷಯದಲ್ಲಿ ಗುರುವಿಗೂ ಮಣಿಯಬೇಡ ಎಂದ. ಭಾಷಣದ ಕೊನೆಯಲ್ಲಿದೆ.”

“ಆ ಮಾತು ತೆಗೀಬೇಕು.”

ತೆಗೆಯುವುದಿಲ್ಲ.

೧೧ ಫೆಬ್ರವರಿ, ಬೆಳಿಗ್ಗೆ ಆರು

ಅಮ್ಮ ಜಡೆ ಹೆಣೆಯುತ್ತ ಕೇಳಿದಳು: “ಆ ಹುಡುಗಿಗೆ ಎಷ್ಟು ಬಂತು?”

ಹೇಳಿದೆ. ಸರ್ ಹೇಳಿದ್ದನ್ನೂ ಹೇಳಿದೆ.

“ಮೈಕು ಕಿತ್ಕೊಂಡ್ರೆ?”

“ಮೈಕಿಲ್ದೇ ಹೇಳ್ತೀನಿ.”

ಜಡೆಯನ್ನು ಎಂದಿಗಿಂತ ಬಿಗಿಯಾಗಿ ಕಟ್ಟಿದಳು. ಬಾಲ್ಕನಿಯ ಪೊಟ್ಟಣಕ್ಕೆ ಯಾರೋ ಇನ್ನೊಂದು ಪ್ಲಾಸ್ಟಿಕ್ ಚೀಲ ಸುತ್ತಿಟ್ಟಿದ್ದಾರೆ, ಬೆಕ್ಕಿಗೆ ಸಿಗದಂತೆ. ನೋಡಿಯೂ ನೋಡದವಳಂತೆ ಇದ್ದೇನೆ.

ಸರ್ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಕೂರಲಿ. ಕೊನೆಯ ವಾಕ್ಯ, ಅದರ ಹಿಂದೆಯೇ ಸಕೀನಾಳ ಹೆಸರು, ಅವಳ ಅಂಕ, ಎಲ್ಲರೆದುರು ಹೇಳುತ್ತೇನೆ. ಬಸ್ಸಿನ ಹಾರ್ನ್. ಇನ್ನೊಮ್ಮೆ ಬರೆದುಕೊಳ್ಳುತ್ತೇನೆ — ನ್ಯಾಯದ ವಿಷಯದಲ್ಲಿ, ಗುರುವೇ ಎದುರಿಗಿದ್ದರೂ —