ಅಪ್ಪನ ಭಾರದ ಸ್ಪ್ರಿಂಗು

ಅಪ್ಪಾ,

ಇವತ್ತು ಅಂಗಳದಲ್ಲೇ ನಿನ್ನ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ಎರಡನ್ನೂ ಬಿಚ್ಚಿ, ತೊಳೆದು, ಗ್ರೀಸು ಹಚ್ಚಿ ಜೋಡಿಸಿದೆ. ಒಂದು ನಟ್ಟೂ ಮಿಗಲಿಲ್ಲ, ನಿನ್ನಾಣೆ! ಬಯ್ಯಬೇಡ, ಸ್ಪ್ರಿಂಗನ್ನೂ ಸಡಿಲಿಸಿದೆ. "ನನ್ನ ಭಾರಕ್ಕೆ ಇಷ್ಟು ಬಿಗಿ ಇರ್ಲೇಬೇಕು, ಯಾರೂ ಮುಟ್ಬೇಡಿ" ಅಂದಿದ್ದೆಯಲ್ಲ. ಕಾಯಿಲೆಯಲ್ಲಿ ನೀನು ಕಡ್ಡಿಯಂತಾದ ಮೇಲೂ ನಾವು ಮುಟ್ಟಲಿಲ್ಲ; ಹಗುರಾದ ಮೈಯನ್ನು ಬಿಗಿ ಸ್ಪ್ರಿಂಗು ಎತ್ತಿ ಕುಕ್ಕುತ್ತದೆ ಅಂತ ಹೊಳೆಯಲೇ ಇಲ್ಲ. ಆಸ್ಪತ್ರೆಗೆ ಹೋಗುವಾಗ ನನ್ನ ಹಿಂದೆ ಕೂತು, ಪ್ರತಿ ಉಬ್ಬಿಗೂ ನನ್ನ ಭುಜ ಹಿಸುಕಿ, "ರಸ್ತೆ ಸರಿಯಿಲ್ಲ ಬಿಡು" ಅನ್ನುತ್ತಿದ್ದೆ ನೀನು.

ಸಂಜೆ ಸೊಂಟನೋವಿನ ಅಮ್ಮನನ್ನು ಕೂರಿಸಿಕೊಂಡು ಅದೇ ದಾರಿಯಲ್ಲಿ ಹೋದೆ. ಉಬ್ಬುಗಳು ಬಂದು ಹೋದರೂ ಅವಳ ಮಾತು ನಿಲ್ಲಲೇ ಇಲ್ಲ. ಮನಸ್ಸು ಹಗುರಾಯಿತು.

"ರಸ್ತೆ ರಿಪೇರಿ ಮಾಡಿದಾರೇನೋ? ನಿಮ್ಮಪ್ಪ ಇದ್ದಾಗ್ಲೇ ಮಾಡ್ಬಾರ್ದಿತ್ತಾ?" ಅಂದಳು.

"ಮಾಡ್ಬೋದಿತ್ತಮ್ಮ" ಅಂದೆ.